ಕಾಡಿನ ಪರದೆ ಏರಿತು, ಎಲ್ಲರಿಗೂ ಧನ್ಯವಾದ

ನಮ್ಮ ನಾಟಕ ತಂಡದ ಹೊಸ ಪರದೆ, ಬಟ್ಟೆಯ ಮೇಲೆ ಕಾಡು ಬರೆದದ್ದು, ಕಡೆಗೂ ರಂಗದ ಮೇಲೇರಿತು. ದುಡ್ಡು ಕೂಡಿಸಿದವರು, ಜಾಗ ಬಿಟ್ಟುಕೊಟ್ಟವರು, ಹೊತ್ತು ಹೊತ್ತಿಗೆ ಊಟ ತಂದವರು, ಎಲ್ಲರಿಗೂ ಕೈ ಮುಗಿಯುತ್ತೇವೆ. ಕೋರಾ ಬಟ್ಟೆಯ ಪಟ್ಟಿಗಳನ್ನು ಅಡ್ಡಡ್ಡಲಾಗಿಯೇ ಜೋಡಿಸಿದ ಟೈಲರಣ್ಣನಿಗೆ ಇನ್ನೊಂದು ನಮಸ್ಕಾರ. ಉದ್ದುದ್ದ ಹೊಲಿದಿದ್ದರೆ ಆಕಾಶವೆಲ್ಲ ನೆರಿಗೆ ಬೀಳುತ್ತಿತ್ತು.

ಉಳಿದ ಮಾತೆಲ್ಲ ಪರದೆ ಬರೆದುಕೊಟ್ಟ ಮೇಷ್ಟ್ರಿಗೆ. ಪಾರ್ಸಿ ನಾಟಕಗಳಿಂದ ಕಲಿತು, 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯಂಥವು ಊರೂರಿಗೆ ಹೊತ್ತ ಈ ಪರದೆ ಬರೆಯುವ ವಿದ್ಯೆಯನ್ನು ಈಗ ಫ್ಲೆಕ್ಸ್ ನುಂಗಿದೆ. ಫ್ಲೆಕ್ಸ್ ಮೇಲೆ ಲೈಟು ಬಿದ್ದರೆ ಹೊಳೆದು ಕಾಡು ಗೋಡೆಯಾಗುತ್ತದೆ. ಸರೇಸು, ಅಂದರೆ ಪ್ರಾಣಿಗಳ ಚರ್ಮ, ಎಲುಬಿನಿಂದ ತೆಗೆದ ಅಂಟು, ಬೆರೆಸಿದ ಬಣ್ಣಕ್ಕೆ ಹೊಳಪಿಲ್ಲ, ಅದಕ್ಕೇ ಆಳ.

ಮೇಷ್ಟ್ರು ಸರೇಸನ್ನು ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿದರು. ನೇರ ಉರಿಯಲ್ಲಿ ಕುದಿಸಿದರೆ ಅಂಟು ಸಾಯುತ್ತದೆ. ಕರಗಿದ್ದು ಒಂದು ಪಾಲು, ನೀರು 16 ಪಾಲು. ಅಂಟು ಹೆಚ್ಚಾದರೆ ಪರದೆ ಸುತ್ತುವಾಗ ಬಣ್ಣ ಸಿಡಿಯುತ್ತದೆ, ಕಡಿಮೆಯಾದರೆ ಮುಟ್ಟಿದ ಕೈಗೆ ಮೆತ್ತುತ್ತದೆ. ಒಣಗಿದ ಬಣ್ಣ ತುಂಬ ತಿಳಿಯಾಗುವುದರಿಂದ, ಪ್ರತಿಯೊಂದನ್ನೂ ಬಟ್ಟೆ ಚೂರಿಗೆ ಬಳಿದು ಒಣಗಿಸಿ ನೋಡಿದ ಮೇಲೇ ಪರದೆಗೆ ಕೈ. ದೂರದ ಮರಗಳಿಗೆ ಹಸಿರೇ ಇಲ್ಲ: ಸೀಮೆಸುಣ್ಣದ ಪುಡಿ, ನೀಲಿ, ಚಿಟಿಕೆ ಕಾವಿ. ನಡುವಣ ಸಾಲಿಗೆ ಮಂಕು ಹಸಿರು. ಕಡುಗಂದು ಮುಂದಿನ ಕಾಂಡಗಳಿಗೆ ಮಾತ್ರ. ಒಂದೊಂದೇ ಎಲೆ ಬರೆಯಲು ಹೊರಟವರ ಕೈಯಿಂದ ಬ್ರಷ್ ಕಿತ್ತುಕೊಂಡರು. ಹಿಂದಿನ ಸಾಲಿನಲ್ಲಿ ಕೂತವರಿಗೆ ಎಲೆ ಕಾಣುವುದಿಲ್ಲ. ಗೊಂಚಲು ಕಾಣಬೇಕು, ಗೊಂಚಲ ನಡುವೆ ಆಕಾಶದ ಕಿಂಡಿ ಕಾಣಬೇಕು.

ಆಮೇಲೆ ಆ ಮಳೆಯ ರಾತ್ರಿ. ಸೂರು ಸೋರಿ ಕಾಡಿನ ನಟ್ಟನಡುವೆ ನೀರಿಳಿಯಿತು. ಮುಚ್ಚಿಡುವುದೇನು, ನಮ್ಮಲ್ಲಿ ಕೆಲವರು ಅತ್ತೇಬಿಟ್ಟರು. ಹೆಚ್ಚಿನವರು ಮನೆಗೆ ಹೋದರು, ಮೇಷ್ಟ್ರು ಹೋಗಲಿಲ್ಲ. ಒದ್ದೆ ಜಾಗ ಒರೆಸಲು ಯಾರನ್ನೂ ಬಿಡಲಿಲ್ಲ, ಉಜ್ಜಿದರೆ ಕೆಳಗಿನ ಬಣ್ಣವೂ ಏಳುತ್ತದೆಂದು. ನೀರು ಬಣ್ಣವನ್ನೂ ಅಂಟನ್ನೂ ಅಂಚಿಗೆ ತಳ್ಳಿ ಕಂದು ಗೆರೆ ಕಟ್ಟಿತ್ತು. ಹಿಂಬದಿಗೆ ಫ್ಯಾನ್ ಇಟ್ಟು, ಅದು ಪೂರ್ತಿ ಒಣಗುವವರೆಗೆ ಕುರ್ಚಿ ಹಾಕಿಕೊಂಡು ಕೂತರು. ಬೆಳಗಿನ ಜಾವ ಬ್ರಷ್ ತುಂಬ ಬಣ್ಣ ಅದ್ದಿ, ಆ ಗೆರೆಯ ಮೇಲೆ ಆಲದ ಬಿಳಲು ಇಳಿಸಿದರು. ಒಂದೇ ಎಳೆತ, ಮತ್ತೆ ಕೈಯಾಡಿಸಲಿಲ್ಲ.

ಮೇಷ್ಟ್ರೇ, ಹೆಸರು ಹಾಕಬೇಡಿ ಅಂದಿರಿ, ಹಾಕಿಲ್ಲ. ಕೂಲಿ ಪೂರ್ತಿ ತೆಗೆದುಕೊಳ್ಳದ ಜಗಳ ಬಾಕಿ ಇದೆ.

ಪರದೆ ಕೇಳಿರುವ ತಂಡಗಳಿಗೆ: ಖಂಡಿತ ಕೊಡುತ್ತೇವೆ. ಮಡಚದೆ ಬೊಂಬಿಗೆ ಸುತ್ತಿ ಒಯ್ಯಬೇಕು. ಮಳೆಗಾಲದ ಬಯಲು ಪ್ರದರ್ಶನಕ್ಕೆ ಮಾತ್ರ ಕೇಳಬೇಡಿ.