ಬಿ.ಪಿ. ಗುಳಿಗೆ ಬದಲಿಸುವ ಅಧಿಕಾರ ಹಳ್ಳಿಯ ನರ್ಸ್‌ಗೆ ಸಿಗಲಿ

ಮಾನ್ಯ ಸಂಪಾದಕರೇ,

ಹಳ್ಳಿಗೆ ಡಾಕ್ಟರ್ ಬೇಕು, ನರ್ಸ್ ಇದ್ದರೆ ಸಾಲದು ಎಂದು ಓದುಗರೊಬ್ಬರು ಇತ್ತೀಚೆಗೆ ನಿಮ್ಮ ಪತ್ರಿಕೆಗೆ ಬರೆದಿದ್ದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಈಗಾಗಲೇ ಊರಿನಲ್ಲಿರುವ ನರ್ಸ್‌ನ ಕೈ ಎಲ್ಲಿ ಕಟ್ಟಿದೆ ಎಂಬುದೂ ಜನರಿಗೆ ತಿಳಿಯಬೇಕು.

ನಾನು ಸಿದ್ದಾಪುರ ತಾಲ್ಲೂಕಿನ ಘಟ್ಟದಂಚಿನ ಉಪಕೇಂದ್ರವೊಂದರಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಆರು ತಿಂಗಳ ಸಮುದಾಯ ಆರೋಗ್ಯ ತರಬೇತಿಯನ್ನೂ ಪಡೆದವಳು. ಮೂವತ್ತು ದಾಟಿದವರ ಬಿ.ಪಿ., ಸಕ್ಕರೆ ನೋಡುವುದು, ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ, ಬಾಣಂತಿಯರ ಆರೈಕೆ ಎಲ್ಲವೂ ನಮ್ಮ ಪಾಲಿನ ಕೆಲಸ. ಮಂಗನ ಕಾಯಿಲೆಯ ಕಾಲದಲ್ಲಿ ಆಶಾ ಕಾರ್ಯಕರ್ತೆಯರ ಜೊತೆ ಕಾಡಿನಂಚಿನ ಮನೆಗಳಿಗೆ ನಡೆದು ಜ್ವರ ಬಂದವರನ್ನು ಹುಡುಕುವವರೂ ನಾವೇ.

ಕಳೆದ ಮಳೆಗಾಲದಲ್ಲಿ ಅಜ್ಜಿಯೊಬ್ಬರು ಕಂಬಳಿ ಕೊಪ್ಪೆ ಹೊದ್ದು ಬಂದರು. ಬಿ.ಪಿ. 178/104. ಕೂರಿಸಿ, ಸುಧಾರಿಸಿಕೊಳ್ಳಲು ಬಿಟ್ಟು ಮತ್ತೆ ನೋಡಿದೆ, ಇಳಿಯಲಿಲ್ಲ. ಆಮ್ಲೋಡಿಪಿನ್ 5 ಮಿ.ಗ್ರಾಂ. ಗುಳಿಗೆಯನ್ನು ಒಂದು ದಿನವೂ ತಪ್ಪಿಸಿಲ್ಲವೆಂದು ಸೊಂಟದ ಚೀಲದಿಂದ ಖಾಲಿ ಪಟ್ಟಿಗಳನ್ನು ತೆಗೆದು ತೋರಿಸಿದರು. ಇಂಥವರಿಗೆ ಮುಂದೇನು ಕೊಡಬೇಕೆಂಬುದು ನಮ್ಮ ಗೋಡೆಗೆ ಅಂಟಿಸಿರುವ ಚಿಕಿತ್ಸಾ ಸೂಚಿಯಲ್ಲೇ ಇದೆ. ಆದರೆ ವೈದ್ಯರು ಬರೆದ ಗುಳಿಗೆಯನ್ನು ನಾನು ಮುಂದುವರಿಸಿ ಕೊಡಬಹುದೇ ಹೊರತು ಬದಲಿಸುವಂತಿಲ್ಲ. ಸರ್ಕಾರದ ಆನ್‌ಲೈನ್ ವೈದ್ಯಸಲಹೆ ಸೇವೆಯಾದ ಇ-ಸಂಜೀವಿನಿಯಲ್ಲಿ ವೈದ್ಯರನ್ನು ಕೇಳೋಣವೆಂದರೆ ಕರೆಂಟ್ ಹೋಗಿ ಟವರ್ ಸತ್ತಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುವ ಬಸ್ಸು ಬೆಳಿಗ್ಗೆಯೇ ದಾಟಿತ್ತು. ‘ನೀನೇ ಒಂದು ಗುಳಿಗೆ ಹೆಚ್ಚು ಮಾಡು ತಂಗಿ’ ಎಂದರು ಅಜ್ಜಿ. ಹಳೆಯ ಗುಳಿಗೆಯನ್ನೇ ಕೊಟ್ಟು ಕಳಿಸಬೇಕಾಯಿತು. ಪಾರ್ಶ್ವವಾಯು ಬಡಿದರೆ ಹೆಚ್ಚಿನ ಚಿಕಿತ್ಸೆಗೆ ಉಡುಪಿ, ಮಂಗಳೂರು, ಹುಬ್ಬಳ್ಳಿಯ ದಾರಿ ಹಿಡಿಯುವ ಜಿಲ್ಲೆ ನಮ್ಮದು. ಅಂಥಲ್ಲಿ ಬಿ.ಪಿ.ಯನ್ನು ಊರಿನಲ್ಲೇ ಹತೋಟಿಗೆ ತರುವುದು ಸಣ್ಣ ವಿಷಯವಲ್ಲ.

ನರ್ಸ್‌ಗಳು ಕಂಡಕಂಡ ಔಷಧಿ ಬರೆದಾರು ಎಂಬ ಭಯ ಹಲವರಿಗಿದೆ. ಎಲ್ಲಿ ನಿಲ್ಲಬೇಕೆಂಬುದೂ ನಮ್ಮ ವಿದ್ಯೆಯೇ. ಕವಳ, ಅಂದರೆ ಎಲೆ-ಅಡಿಕೆ-ತಂಬಾಕು ಜಗಿಯುವುದು, ನಮ್ಮ ಕಡೆ ಮನೆಮನೆಯ ಅಭ್ಯಾಸ. ಟಾರ್ಚ್ ಹಿಡಿದು ನೋಡಿದಾಗ ಕೆನ್ನೆಯ ಒಳಗೆ ಬಿಳಿ ಮಚ್ಚೆ ಕಂಡರೆ, ಬಾಯಿಯೊಳಗೆ ಎರಡು ಬೆರಳೂ ಹಿಡಿಸದಷ್ಟು ದವಡೆ ಬಿಗಿದಿದ್ದರೆ, ಅದು ಬಾಯಿ ಕ್ಯಾನ್ಸರ್‌ನ ಮುನ್ಸೂಚನೆ ಇರಬಹುದು, ಅಲ್ಲಿ ಗುಳಿಗೆಯ ಮಾತೇ ಇಲ್ಲ. ಅಂಥವರನ್ನು ದೊಡ್ಡಾಸ್ಪತ್ರೆಗೆ ಕಳಿಸಿ, ಹೋದರೋ ಇಲ್ಲವೋ ಎಂದು ಮನೆಗೇ ಹೋಗಿ ವಿಚಾರಿಸುತ್ತೇವೆ.

ಹೆಚ್ಚಿನ ತರಬೇತಿ ಪಡೆದ ನರ್ಸ್ ಪ್ರಾಕ್ಟೀಷನರ್‌ಗಳ ಪದ್ಧತಿ ಅಮೆರಿಕದ ಕೊಲೊರಾಡೊದಲ್ಲಿ 1965ರಲ್ಲೇ ಆರಂಭವಾಯಿತು. ಬ್ರಿಟನ್‌ನಲ್ಲಿ ಅರ್ಹತೆ ಪಡೆದ ನರ್ಸ್‌ಗಳು ಸ್ವತಂತ್ರವಾಗಿ ಔಷಧಿ ಬರೆಯುತ್ತಾರೆ. ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ, 2019ರ 32ನೇ ಕಲಂ ಕೂಡ ಸಮುದಾಯ ಆರೋಗ್ಯ ಸೇವಾದಾರರಿಗೆ ಸೀಮಿತ ಪರವಾನಗಿ ಕೊಡಲು ಅವಕಾಶ ಮಾಡಿದೆ. ಪ್ರಾಥಮಿಕ ಚಿಕಿತ್ಸೆಯ ಮಟ್ಟದಲ್ಲಿ ನಿಗದಿತ ಔಷಧಿಗಳನ್ನು ಅವರು ತಾವೇ ಬರೆಯಬಹುದೆಂದು ಅಲ್ಲಿದೆ.

ನನ್ನ ಕೋರಿಕೆ ದೊಡ್ಡದಲ್ಲ. ವೈದ್ಯರು ಒಮ್ಮೆ ಚಿಕಿತ್ಸೆ ಆರಂಭಿಸಿದ ಬಿ.ಪಿ. ಮತ್ತು ಸಕ್ಕರೆ ರೋಗಿಗಳಿಗೆ, ಸೂಚಿಯಲ್ಲಿರುವ ಮುಂದಿನ ಗುಳಿಗೆಯನ್ನು ಕೊಡುವ ಅಧಿಕಾರ ಸಿಗಲಿ. ಅದಕ್ಕೆ ಬೇಕಾದ ತರಬೇತಿ, ಪರೀಕ್ಷೆ ಎರಡೂ ಇರಲಿ. ನಾವು ಬದಲಿಸಿದ ಪ್ರತಿಯೊಂದು ಚೀಟಿಯನ್ನೂ ವೈದ್ಯಾಧಿಕಾರಿಗಳು ವಾರಕ್ಕೊಮ್ಮೆ ಪರಿಶೀಲಿಸಲಿ. ಜಿಲ್ಲೆಯ ಶಾಸಕರು ಮುಂದಿನ ಅಧಿವೇಶನದಲ್ಲಿ ಈ ವಿಷಯವನ್ನು ಎತ್ತಬೇಕೆಂದು ವಿನಂತಿಸುತ್ತೇನೆ.

– ಸಮುದಾಯ ಆರೋಗ್ಯ ಅಧಿಕಾರಿ, ಸಿದ್ದಾಪುರ ತಾಲ್ಲೂಕು, ಉತ್ತರ ಕನ್ನಡ