ಹಿನ್ನೀರಿನ ಕಥೆಯಲ್ಲಿ ಗೇಣಿದಾರರ ಮನೆ ಯಾವುದು?

ಮಾನ್ಯ ಸಂಪಾದಕರೇ,

ಲಿಂಗನಮಕ್ಕಿ ಅಣೆಕಟ್ಟಿನಿಂದಾದ ಶರಾವತಿ ಹಿನ್ನೀರಿನ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಬರೆದವರ ಕೈ ಚೆನ್ನಾಗಿದೆ. ಮುಳುಗಿದ ಮನೆ, ಕಂಬದ ಜಗಲಿ, ಅಡಿಕೆ ತೋಟ, ಜನರನ್ನು ಹಿನ್ನೀರು ದಾಟಿಸುತ್ತಿದ್ದು ಈಗ ನಿಂತುಹೋದ ಲಾಂಚ್ ಎಲ್ಲವೂ ಇವೆ. ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಶುರುವಾದ ಮೇಲೆ ಇಂಥ ಬರಹ ಜಾಸ್ತಿ ಬರುತ್ತಿವೆ. ಲಾಂಚ್ ನೆನೆದು ಕಣ್ಣೀರು ಹಾಕುವುದನ್ನು ಪ್ರವಾಸಿಗರಿಗೆ ಬಿಡೋಣ. ರಾತ್ರಿ ಹೆರಿಗೆ ನೋವು ಬಂದರೆ ಬೆಳಗಿನ ಲಾಂಚಿಗೆ ಕಾಯಬೇಕಿದ್ದ, ಆಚೆ ದಡದ ತುಮರಿ ಕಡೆಯವರು ಯಾರೂ ಅಳುತ್ತಿಲ್ಲ.

ನನ್ನ ತಕರಾರು ಬೇರೆ. ಈ ಬರಹಗಳಲ್ಲಿ ಮುಳುಗಿದವರಿಗೆಲ್ಲ ತೋಟವಿತ್ತು, ಜಗಲಿಯಿತ್ತು. ನಮ್ಮ ಮನೆಯವರಿಗೆ ಎರಡೂ ಇರಲಿಲ್ಲ.

ನಾವು ದೀವರ ಸಮುದಾಯದವರು. ಅಜ್ಜ ಜಮೀನಿನ ಒಡೆಯರ ಗದ್ದೆಯನ್ನು ಗೇಣಿಗೆ, ಅಂದರೆ ಅವರಿಗೆ ಭತ್ತ ಅಳೆದು ಕೊಟ್ಟು, ಮಾಡುತ್ತಿದ್ದರು. ನಮ್ಮ ತಾಲ್ಲೂಕಿನ ಗೇಣಿ ಎಂಥದ್ದು ಅಂತ ತಿಳಿಯಬೇಕಾದರೆ ಕಾಗೋಡು ನೆನೆದರೆ ಸಾಕು. ಭತ್ತ ಅಳೆಯುವ ಕೊಳಗದ ತಕರಾರಿನಿಂದ ಹೊತ್ತಿಕೊಂಡ ಹೋರಾಟ ಅದು. 1951ರಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ರೈತರು ಗದ್ದೆಗೆ ಇಳಿದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೂ ಬಂದರು, ಸಾಗರದ ರೈಲು ನಿಲ್ದಾಣದಲ್ಲಿ ಅವರ ಬಂಧನವೂ ಆಯಿತು. ಇದೆಲ್ಲ ಈಗ ಪಾಠದಲ್ಲಿ ಬರುತ್ತದೆ. ಆದರೆ ಕಾಗೋಡಿನ ಕಥೆ ಮತ್ತು ಮುಳುಗಡೆಯ ಕಥೆ ಒಂದೇ ಜನರದ್ದು ಎಂದು ಯಾರೂ ಜೋಡಿಸಿ ಹೇಳುವುದಿಲ್ಲ.

ಒಂದು ಸಣ್ಣ ಲೆಕ್ಕ ನೋಡಿ. ಲಿಂಗನಮಕ್ಕಿ ಅಣೆಕಟ್ಟು ಆದದ್ದು 1964ರಲ್ಲಿ. ಉಳುವವನೇ ಹೊಲದೊಡೆಯ ಎಂಬ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಅಜ್ಜನ ಗದ್ದೆ ಇನ್ನೊಂದು ಹತ್ತು ವರ್ಷ ನೀರಿನ ಮೇಲೆ ಇದ್ದಿದ್ದರೆ ಡಿಕ್ಲರೇಷನ್ ಕೊಟ್ಟು ಅದನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬಹುದಿತ್ತು. ಗದ್ದೆಯೇ ಇಲ್ಲದ ಮೇಲೆ ಯಾವುದಕ್ಕೆ ಅರ್ಜಿ ಹಾಕುವುದು? ನಮ್ಮ ಮನೆಯಲ್ಲಿ ಹೇಳುವ ಪ್ರಕಾರ ಗದ್ದೆಯ ಪರಿಹಾರ ಒಡೆಯರ ಮನೆಗೆ ಹೋಯಿತು. ನಮಗೆ ಸಿಕ್ಕಿದ್ದು ಹುಲ್ಲಿನ ಮನೆಯ ಬೆಲೆ.

ಆ ಮೇಲಿನ ಕಥೆಯನ್ನು ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಿದ್ದರು. ಅಪ್ಪನ ಕಥೆಯಲ್ಲಿ ನೀರೇ ಇಲ್ಲ, ಬರೀ ಕಾಗದ. ಹೊಸ ಜಾಗದಲ್ಲಿ ಕಾಡು ಕಡಿದು ಗದ್ದೆ ಮಾಡಿದ್ದು, ಆ ಗದ್ದೆಗೆ ಹಕ್ಕುಪತ್ರ ಕೇಳುತ್ತಾ ಕಚೇರಿ ಅಲೆದದ್ದು, ನಾಳೆ ಬಾ ಅಂದದ್ದು. ಕೇಳುವವರಿಗೆ ಬೇಜಾರು ಬರುತ್ತಿತ್ತು. ಅಪ್ಪನಿಗೆ ಬರುತ್ತಿರಲಿಲ್ಲ.

ಅಜ್ಜಿ ಮುಳುಗಡೆ ಅಂತ ಮಾತೇ ಎತ್ತುತ್ತಿರಲಿಲ್ಲ. ಅವರು ಹೇಳಿದ್ದು ಭೂಮಿ ಹುಣ್ಣಿಮೆಯ ಬುಟ್ಟಿಯ ಕಥೆ. ನಮ್ಮಲ್ಲಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಪುಂಡಿ ನಾರಿನ ಕುಂಚ ಹಿಡಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಬೆಳಕು ಹರಿಯುವ ಮೊದಲೇ ಅದರಲ್ಲಿ ಅಡುಗೆ ಹೊತ್ತು ಗದ್ದೆಗೆ ಹೋಗಿ ಬಸುರಿ ಭೂಮಿಗೆ ಬಡಿಸುವುದು ಪದ್ಧತಿ. ಹೊಸ ಊರಿಗೆ ಬಂದ ಮೊದಲ ವರ್ಷ ಗದ್ದೆಯೇ ಇರಲಿಲ್ಲ. ಕಡಿದ ಮರದ ಬುಡ, ಮುಳ್ಳು, ರಕ್ತ ಹೀರುವ ಉಂಬಳ. ಬುಟ್ಟಿ ಬರೆಯುವುದೋ ಬೇಡವೋ ಎಂದು ಅಜ್ಜಿಗೂ ಅವರ ಅತ್ತೆಗೂ ದೊಡ್ಡ ಜಗಳ. ಭೂಮಿ ಬಸುರಿಯೇ ಆಗಿಲ್ಲ, ಯಾರಿಗೆ ಬಯಕೆ ಊಟ ಅಂತ ಅತ್ತೆ. ಈಗ ಹಾಕದಿದ್ದರೆ ಅದು ನಮ್ಮನ್ನು ಗುರುತು ಹಿಡಿಯೋದು ಹೆಂಗೆ ಅಂತ ಅಜ್ಜಿ. ಕೊನೆಗೆ ಬುಟ್ಟಿ ಹೋಯಿತು. ಅತ್ತೆ ಮೂರು ದಿನ ಮಾತಾಡಲಿಲ್ಲವಂತೆ. ಈ ಜಗಳ ಹೇಳುವಾಗ ಅಜ್ಜಿ ಇಬ್ಬರ ದನಿಯನ್ನೂ ಮಾಡಿ ನಗುತ್ತಿದ್ದರು. ನಾನು ಕಥೆ ಕಲಿತದ್ದು ಅಲ್ಲಿ. ಕಥೆ ಬರೆಯುವುದು ಹೇಗೆ ಎಂದು ಕಮ್ಮಟಗಳಲ್ಲಿ ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ. ಎದುರಾಳಿಯ ಮಾತನ್ನೂ ಅಷ್ಟೇ ಚೆನ್ನಾಗಿ ಆಡಲು ಬರಬೇಕು.

ದೊಡ್ಡಪ್ಪನ ಕಥೆ ಮಾತ್ರ ಯಾರಿಗೂ ಬೇಕಾಗಲಿಲ್ಲ. ಅವರು ಲಿಂಗನಮಕ್ಕಿಯಲ್ಲಿ ಕೂಲಿ ಮಾಡಿದವರು. ತಮ್ಮದೇ ಗದ್ದೆ ಮುಳುಗಿಸಿದ ಕಟ್ಟೆಗೆ ಕಲ್ಲು ಹೊತ್ತವರು. ಅದರ ಬಗ್ಗೆ ಅವರಿಗೆ ಹೆಮ್ಮೆ! ‘1819 ಅಡಿ ನೀರು ನಿಂತರೂ ಅಲುಗಾಡಲ್ಲ, ನಾವು ಕಟ್ಟಿದ್ದು’ ಅನ್ನುತ್ತಿದ್ದರು. (ಅಡಿ ಸಮುದ್ರಮಟ್ಟದಿಂದ ಲೆಕ್ಕ, ಕಟ್ಟೆ ತುಂಬುವ ಮಟ್ಟ ಅದು.) ವಾರಕ್ಕೊಮ್ಮೆ ಕೈಗೆ ನಗದು ಬಂದದ್ದು, ಒಡೆಯರ ಮುಂದೆ ನಿಲ್ಲದೆ ಅಕ್ಕಿ ಕೊಂಡದ್ದು ಅವರ ಜೀವನದಲ್ಲಿ ಅದೇ ಮೊದಲು. ಇದನ್ನು ಕಥೆ ಮಾಡಿ ಒಂದು ಪತ್ರಿಕೆಗೆ ಕಳಿಸಿದ್ದೆ. (ನಿಮ್ಮದಲ್ಲ, ಗಾಬರಿ ಬೇಡ.) ‘ಸಂತ್ರಸ್ತನ ನೋವು ಇನ್ನಷ್ಟು ಬರಬೇಕಿತ್ತು’ ಎಂಬ ಚೀಟಿಯ ಜೊತೆ ವಾಪಸ್ ಬಂತು.

ನೋವು ಇಲ್ಲ ಎಂದು ನಾನು ಹೇಳುತ್ತಿಲ್ಲ. ಕೆಲವು ಮನೆಗಳು 1940ರ ದಶಕದಲ್ಲಿ ಹಿರೇಭಾಸ್ಕರ ಕಟ್ಟೆಗೆ ಒಮ್ಮೆ, ಲಿಂಗನಮಕ್ಕಿಗೆ ಇನ್ನೊಮ್ಮೆ ಎದ್ದು ಹೋದವು. ನಮ್ಮ ಸಾಗರದವರೇ ಆದ ಕಾದಂಬರಿಕಾರ ನಾ. ಡಿಸೋಜ ಬದುಕಿಡೀ ಇದನ್ನು ಬರೆದರು, ಆ ಸಾಲ ನಮ್ಮ ಮೇಲಿದೆ. ಆದರೆ ಅವರ ನಂತರದ ನಾವು ಒಂದೇ ಮನೆಯ ಕಥೆಯನ್ನು ಇಡೀ ಮಲೆನಾಡಿನ ಕಥೆ ಮಾಡಿಬಿಟ್ಟಿದ್ದೇವೆ. ಹೆಂಚಿನ ಮನೆ, ಮಳೆ, ಕಷಾಯ, ಹೋಂಸ್ಟೇ ಬೋರ್ಡು. ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗಳು ‘ನಾವು ಮಲ್ನಾಡ್ ಮಂದಿ’ ಅಂತ ಸ್ಟೇಟಸ್ ಹಾಕುತ್ತಾಳೆ, ಯಾರದೋ ತೋಟದ ಫೋಟೊ ಹಾಕಿ. ತಪ್ಪು ಅವಳದ್ದಲ್ಲ. ಅವಳ ಮುತ್ತಜ್ಜನ ಕಥೆ ಅವಳಿಗೆ ಎಲ್ಲೂ ಓದಲು ಸಿಕ್ಕಿಲ್ಲ.

1964ರಲ್ಲಿ ಹದಿನೈದು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತೈದು ದಾಟಿದೆ. ಅವರು ಶಿವಮೊಗ್ಗ, ಹೊಸನಗರ, ಭದ್ರಾವತಿ ಕಡೆ ಚದುರಿಹೋಗಿದ್ದಾರೆ. ನಿಮ್ಮ ವರದಿಗಾರರು ಅಲ್ಲೆಲ್ಲ ಇದ್ದಾರೆ. ಸೇತುವೆಯ ಡ್ರೋನ್ ಚಿತ್ರಕ್ಕೆ ಕೊಟ್ಟ ಅರ್ಧ ಪುಟದಲ್ಲಿ ವಾರಕ್ಕೊಬ್ಬರ ಮಾತು ಹಾಕಿ. ಒಡೆಯರ ಮನೆಯವರದ್ದೂ ಇರಲಿ, ಗೇಣಿ ಮಾಡಿದವರದ್ದೂ ಇರಲಿ, ಕಲ್ಲು ಹೊತ್ತವರದ್ದೂ ಇರಲಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಹಾಕಿ. ನಡುವೆ ಜಗಳ ಬಂದರೆ ಅದನ್ನೂ ಹಾಕಿ.

ಇನ್ನೊಂದು. ಅದೇ ಬರಹದ ಜೊತೆ ‘ಲಿಂಗನಮಕ್ಕಿ’ ಎಂದು ಅಚ್ಚಾಗಿರುವ ಚಿತ್ರ ಲಿಂಗನಮಕ್ಕಿಯದ್ದಲ್ಲ. ಅದು ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು, ನೀರು ತೀರಾ ಇಳಿದ ಬೇಸಿಗೆಯಲ್ಲಿ ಮಾತ್ರ ಮೇಲೆ ಕಾಣುವಂಥದ್ದು. ತಿದ್ದುಪಡಿ ಹಾಕಬೇಕಾಗಿ ವಿನಂತಿ.

— ಒಬ್ಬ ಕಥೆಗಾರ್ತಿ, ಸಾಗರ ತಾಲ್ಲೂಕು