ಮಗಳನ್ನು ನಮ್ಮ ಶಾಲೆಗೇ ಸೇರಿಸು: ಗೆಳೆಯನಿಗೊಂದು ಪತ್ರ

ಕುಂಬಳೆ, ಕಾಸರಗೋಡು ಜಿಲ್ಲೆ, ಕೇರಳ
ಮೇ ತಿಂಗಳು

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ತಲುಪಿತು. ನಿನ್ನ ದುಬೈಯ ಕೆಲಸ ಇನ್ನೂ ಕೆಲವು ವರ್ಷ ಮುಂದುವರಿಯುವುದಾದರೂ, ಹೆಂಡತಿಯನ್ನೂ ಮಗಳನ್ನೂ ಊರಿಗೆ ಕಳುಹಿಸಿ ಅಮ್ಮನ ಜೊತೆಗೆ ಇರಿಸುವುದೆಂದು ನೀವು ನಿಶ್ಚಯಿಸಿದ್ದು ತುಂಬ ಸಂತೋಷದ ಸಂಗತಿ. ಮಗಳನ್ನು ಒಂದನೆಯ ತರಗತಿಗೆ ಇಗರ್ಜಿಯ (ಚರ್ಚಿನ) ಪಕ್ಕದ ನಮ್ಮ ಹಳೆಯ ಕನ್ನಡ ಮಾಧ್ಯಮ ಶಾಲೆಗೆ ಸೇರಿಸಬೇಕೋ, ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸಬೇಕೋ ಎಂದು ನೀನು ಕೇಳಿದ ಪ್ರಶ್ನೆಗೆ ಫೋನಿನಲ್ಲಿ ನಾಲ್ಕು ಮಾತು ಹೇಳಿ ಮುಗಿಸಲು ನನಗೆ ಮನಸ್ಸಾಗಲಿಲ್ಲ. ಇದೇ ಪ್ರಶ್ನೆಯನ್ನು ಊರಿನ ಇನ್ನೂ ಹಲವು ಹೆತ್ತವರು ಕೇಳುತ್ತಿರುವುದರಿಂದ, ನಿನ್ನ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು, ಎಲ್ಲರೂ ಓದುವಂತೆ ಈ ಪತ್ರವನ್ನು ಪ್ರಕಟಿಸುತ್ತಿದ್ದೇನೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಶಾಲೆಗೇ ಸೇರಿಸು. ನನ್ನ ಮಗ ಅಲ್ಲಿ ಮೂರನೆಯ ತರಗತಿ ಮುಗಿಸಿದ್ದಾನೆ, ನಾನು ಅಲ್ಲಿನ ಪಿಟಿಎಯಲ್ಲಿ, ಅಂದರೆ ಹೆತ್ತವರ ಮತ್ತು ಅಧ್ಯಾಪಕರ ಸಂಘದಲ್ಲಿ, ಇದ್ದೇನೆ. ಆದ್ದರಿಂದ ಹಳೆಯ ವಿದ್ಯಾರ್ಥಿಯ ಮಮತೆಯಿಂದ ಮಾತ್ರ ಈ ಮಾತು ಬರುತ್ತಿಲ್ಲ.

ಮಗಳಿಗೆ ಕನ್ನಡದ ಒಂದಕ್ಷರವೂ ಬಾರದು, ಮನೆಯಲ್ಲಿ ಕೊಂಕಣಿ, ಅಲ್ಲಿನ ಕೆಜಿ ತರಗತಿಯಲ್ಲಿ ಇಂಗ್ಲಿಷ್, ಹೀಗಿರುವಾಗ ತರಗತಿಯಲ್ಲಿ ಆಕೆ ಮೂಕಳಾಗಿ ಕುಳಿತುಬಿಟ್ಟರೇನು ಗತಿ ಎಂಬುದು ನಿನ್ನ ದೊಡ್ಡ ಚಿಂತೆ. ಗೆಳೆಯಾ, ನೀನು ಒಂದನೆಯ ತರಗತಿಗೆ ಬಂದಾಗ ನಿನಗೆ ಬರುತ್ತಿದ್ದುದು ಕೊಂಕಣಿ ಮಾತ್ರ. ನನಗೆ ತುಳು ಮಾತ್ರ. ನಮ್ಮಿಬ್ಬರ ನಡುವೆ ಕುಳಿತಿದ್ದವನ ಮನೆಮಾತು ಬ್ಯಾರಿ, ಹಿಂದಿನ ಬೆಂಚಿನ ಇಬ್ಬರು ಹುಡುಗಿಯರ ಮನೆಯಲ್ಲಿ ಮಲಯಾಳ, ಭಟ್ಟರ ಮನೆಯ ಹುಡುಗ ಹವ್ಯಕ ಭಾಷೆಯಾಡುತ್ತಿದ್ದ. ಪುಸ್ತಕದ ಕನ್ನಡವನ್ನು ಮನೆಯಿಂದಲೇ ಕಲಿತು ಬಂದವರು ಆ ತರಗತಿಯಲ್ಲಿ ಯಾರೂ ಇರಲಿಲ್ಲವೆಂದರೂ ತಪ್ಪಾಗದು, ಮತ್ತು ಅದೇ ನಮ್ಮೆಲ್ಲರಿಗೂ ದೊರೆತ ದೊಡ್ಡ ಅನುಕೂಲವೆಂದು ನಾನು ಈಗ ತಿಳಿಯುತ್ತೇನೆ. ಎಲ್ಲರೂ ಸಮಾನವಾಗಿ ಹೊಸಬರಾಗಿದ್ದ ಕಡೆಯಲ್ಲಿ ಯಾರಿಗೂ ತನ್ನ ಮನೆಮಾತಿನ ಬಗ್ಗೆ ನಾಚಿಕೆ ಪಡುವ ಕಾರಣವಿರಲಿಲ್ಲ.

ನಮ್ಮ ಒಂದನೆಯ ತರಗತಿಯ ಟೀಚರ್ ಪಾಠ ಮಾಡುತ್ತಿದ್ದ ಕ್ರಮವನ್ನು ಈಗ ನೆನೆದರೆ ಅದರ ಹಿಂದೆ ಎಷ್ಟು ತಾಳ್ಮೆಯೂ ಯೋಚನೆಯೂ ಇತ್ತೆಂದು ಅರಿವಾಗುತ್ತದೆ. ಗೋಡೆಗೆ ಒಂದು ಚಿತ್ರವನ್ನು ತೂಗುಹಾಕುತ್ತಿದ್ದರು: ಬಾವಿಕಟ್ಟೆ, ನೀರು ಸೇದುವ ಹೆಂಗಸು, ಪಕ್ಕದಲ್ಲಿ ಕರು. ಚಿತ್ರದಲ್ಲಿ ಏನಿದೆ ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ನಾವು ನಮ್ಮ ನಮ್ಮ ಮನೆಯ ಭಾಷೆಯಲ್ಲಿ ಉತ್ತರಿಸುತ್ತಿದ್ದೆವು, ಅವರು ಎಲ್ಲವನ್ನೂ ಒಪ್ಪಿಕೊಂಡು ತಲೆಯಾಡಿಸುತ್ತಿದ್ದರು. ಎಲ್ಲರೂ ಹೇಳಿ ಮುಗಿಸಿದ ಮೇಲೆ ಕರಿಹಲಗೆಯಲ್ಲಿ ಕನ್ನಡದ ಒಂದೇ ಒಂದು ವಾಕ್ಯವನ್ನು ದೊಡ್ಡ ಅಕ್ಷರದಲ್ಲಿ ಬರೆದು, ಅದನ್ನು ಒಬ್ಬೊಬ್ಬರಿಂದಲೂ ಹೇಳಿಸಿ, ಸ್ಲೇಟಿನಲ್ಲಿ ಬರೆಯಿಸಿ, ಮರುದಿನ ಅದೇ ವಾಕ್ಯವನ್ನು ಉಕ್ತಲೇಖನವಾಗಿ ಕೊಡುತ್ತಿದ್ದರು. ನೀನು ಆ ವರ್ಷದ ಮಳೆಗಾಲ ಪೂರ್ತಿ ಬಾಯಿ ಬಿಡಲಿಲ್ಲ. ಟೀಚರ್ ನಿನ್ನನ್ನು ಒತ್ತಾಯಿಸಲೂ ಇಲ್ಲ, ನಿನ್ನ ಸರದಿ ಬಂದಾಗ ದಾಟಿ ಹೋಗಲೂ ಇಲ್ಲ. ನಿನ್ನ ಮುಂದೆ ನಿಂತು, ತಾವೇ ಆ ವಾಕ್ಯವನ್ನು ಮೆಲ್ಲಗೆ ಹೇಳಿ, ಮುಂದಿನವನ ಬಳಿಗೆ ಹೋಗುತ್ತಿದ್ದರು. ಓಣಂ ರಜೆ ಕಳೆದು ಶಾಲೆ ತೆರೆದ ಮೇಲೆ ಒಂದು ದಿನ ನೀನು ವಾಕ್ಯವನ್ನು ಪೂರ್ತಿಯಾಗಿ ಹೇಳಿದೆ. ನಾಲ್ಕನೆಯ ತರಗತಿಗೆ ಬರುವಾಗ ಶಾಲಾ ವಾರ್ಷಿಕೋತ್ಸವದಲ್ಲಿ ಸ್ವಾಗತ ಭಾಷಣ ಮಾಡಿದವನೂ ನೀನೇ.

ಈಗ ಸ್ಲೇಟು ಇಲ್ಲ, ಪಾಠದ ಕ್ರಮವೂ ಬದಲಾಗಿದೆ. ಕೇರಳದ ಪಠ್ಯಪುಸ್ತಕ ಸಂಸ್ಥೆಯಾದ ಎಸ್‌ಸಿಇಆರ್‌ಟಿ ಕನ್ನಡದಲ್ಲಿ ಸಿದ್ಧಪಡಿಸುವ ಪುಸ್ತಕಗಳಲ್ಲಿ ಮಕ್ಕಳು ತಾವೇ ಮಾಡಿ ನೋಡುವ ಚಟುವಟಿಕೆಗಳು ಹೆಚ್ಚು. ತರಗತಿಯ ಮೂಲೆಯಲ್ಲಿ ಓದುವ ಪುಸ್ತಕಗಳ ಕಪಾಟಿದೆ. ಬೆಳಗ್ಗಿನ ಅಸೆಂಬ್ಲಿಯಲ್ಲಿ ಒಂದನೆಯ ತರಗತಿಯ ಮಗುವೂ ಸರದಿಯ ಪ್ರಕಾರ ಪತ್ರಿಕೆಯ ಒಂದು ಸುದ್ದಿಯನ್ನು ಓದುತ್ತದೆ. ಆದರೆ ಮಗು ಯಾವ ಮಾತಿನೊಂದಿಗೆ ಬಂದರೂ ಅದನ್ನು ಸ್ವೀಕರಿಸಿ ಮುಂದೆ ಕರೆದೊಯ್ಯುವ ರೀತಿ ಹಾಗೆಯೇ ಉಳಿದಿದೆ ಎಂಬುದನ್ನು ನನ್ನ ಮಗನ ತರಗತಿಯಲ್ಲಿ ನಾನೇ ಕುಳಿತು ನೋಡಿದ್ದೇನೆ.

ಎರಡನೆಯ ಸಂಗತಿ ನಿನ್ನ ಮನೆಗೇ ಸಂಬಂಧಿಸಿದ್ದು. ನಿನ್ನ ಅಮ್ಮನ ಪ್ರಾರ್ಥನೆಯ ಪುಸ್ತಕ, ಇಗರ್ಜಿಯಲ್ಲಿ ಹಾಡುವ ಕೊಂಕಣಿ ಕೀರ್ತನೆಗಳ ಪುಸ್ತಕ, ನಿಮ್ಮ ಮನೆಗೆ ವಾರವಾರ ಬರುತ್ತಿದ್ದ ‘ರಾಕ್ಣೊ’ ಪತ್ರಿಕೆ, ಇವೆಲ್ಲ ಕನ್ನಡ ಲಿಪಿಯಲ್ಲಿವೆ. ಮಂಗಳೂರಿನಿಂದ 1938ರಲ್ಲಿ ಆರಂಭವಾದ ಆ ಪತ್ರಿಕೆಯನ್ನು ನಿನ್ನ ಅಜ್ಜಿ ಜಗಲಿಯಲ್ಲಿ ಕುಳಿತು ಗಟ್ಟಿಯಾಗಿ ಓದುತ್ತಿದ್ದುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಕನ್ನಡದ ಅಕ್ಷರ ಬಾರದ ಮೊಮ್ಮಗಳು ಕೊಂಕಣಿಯನ್ನು ಎಷ್ಟೇ ಚೆನ್ನಾಗಿ ಮಾತನಾಡಿದರೂ, ಈ ಭಾಗದ ಕ್ರೈಸ್ತರು ತಲೆಮಾರುಗಳಿಂದ ಕೊಂಕಣಿಯಲ್ಲಿ ಬರೆದಿಟ್ಟದ್ದನ್ನು ಓದಲಾರಳು. ನಮ್ಮ ತುಳುವಿಗೂ ಇದೇ ಮಾತು ಹೊಂದುತ್ತದೆ: ತುಳುವಿನ ಪುಸ್ತಕಗಳನ್ನು ನಾವು ಓದುತ್ತಿರುವುದು ಕನ್ನಡ ಅಕ್ಷರದಲ್ಲಿ. ಆದ್ದರಿಂದ ಈ ಊರಿನ ಕನ್ನಡ ಶಾಲೆಯೊಂದು ಮುಚ್ಚಿದರೆ ಕನ್ನಡದೊಂದಿಗೆ ಕೊಂಕಣಿ, ತುಳುಗಳ ಓದೂ ಕ್ಷೀಣಿಸುತ್ತದೆ. ಇದನ್ನು ನಾನು ಪಿಟಿಎ ಸಭೆಗಳಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದೇನೆ, ಇನ್ನೂ ಹೇಳುತ್ತೇನೆ.

ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಯೇಸುವಿನ ಕೊನೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಎಂಬ ಕಾವ್ಯವನ್ನು ಅವರು ಕನ್ನಡದಲ್ಲಿ ಬರೆದರು, ಮತ್ತು 1949ರಲ್ಲಿ ಅಂದಿನ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಎಂಬ ಗೌರವವನ್ನು ನೀಡಿತು. ಪೆರಡಾಲದಲ್ಲಿ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳು ತುಳು ಮನೆಯಲ್ಲಿ ಹುಟ್ಟಿ, ಕನ್ನಡದಲ್ಲಿಯೂ ತುಳುವಿನಲ್ಲಿಯೂ ಕವಿಯಾದರು. ಒಂದು ಮಾತನ್ನು ಮನೆಯಲ್ಲಿ, ಇನ್ನೊಂದನ್ನು ಶಾಲೆಯಲ್ಲಿ ಪಡೆದು ಎರಡನ್ನೂ ಬೆಳೆಸಿದವರ ನಾಡು ಇದು.

ಈ ಶಾಲೆಗಳ ಹಿನ್ನೆಲೆಯನ್ನು ಸ್ವಲ್ಪ ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಕ್ರೈಸ್ತ ಶಾಲೆಯೆಂದರೆ ಇಂಗ್ಲಿಷಿನ ಶಾಲೆಯೆಂದೇ ಈಗಿನವರು ಭಾವಿಸುತ್ತಾರೆ. ಬಾಸೆಲ್ ಮಿಶನ್ನಿನ ಮೂವರು ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದಿಳಿದು, ಎರಡು ವರ್ಷಗಳ ಬಳಿಕ ಅಲ್ಲಿ ಕನ್ನಡದಲ್ಲಿ ಕಲಿಸುವ ಶಾಲೆಯನ್ನು ತೆರೆದರು. ಅದೇ ಮಿಶನ್ನಿನ ಹೆರ್ಮನ್ ಮೊಗ್ಲಿಂಗ್ 1843ರಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಆ ಮಿಶನ್ನಿನ ಮುದ್ರಣಾಲಯದಿಂದಲೇ ಹೊರಬಂತು. ಕೆಥೋಲಿಕರು ಇಗರ್ಜಿಗಳ ಪಕ್ಕದಲ್ಲಿ ಕಟ್ಟಿದ ಸಣ್ಣ ಶಾಲೆಗಳೂ ಕನ್ನಡದಲ್ಲಿಯೇ ಕಲಿಸಿದವು. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. 1956ರ ನವೆಂಬರ್ 1ರಂದು ಅದು ಕೇರಳಕ್ಕೆ ಸೇರಿತು, ಆದರೆ ನಮ್ಮ ಕಡೆಯ ಇಗರ್ಜಿಗಳು ಇಂದಿಗೂ ಮಂಗಳೂರು ಧರ್ಮಪ್ರಾಂತಕ್ಕೆ ಸೇರಿವೆ. ಅದೇ 1956ರಲ್ಲಿ ಸಂವಿಧಾನಕ್ಕೆ ಏಳನೆಯ ತಿದ್ದುಪಡಿಯ ಮೂಲಕ 350ಎ ವಿಧಿ ಸೇರ್ಪಡೆಯಾಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯವನ್ನು ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ರಾಜ್ಯ ಬದಲಾದರೂ ನಮ್ಮ ಶಾಲೆಯ ಕರಿಹಲಗೆಯ ಮೇಲೆ ಕನ್ನಡ ಉಳಿದುಕೊಂಡಿತು.

ಧರ್ಮದ ವಿಷಯವನ್ನು ನಿನ್ನ ಹೆಂಡತಿ ಕೇಳಿದ್ದಾಳೆಂದು ಬರೆದಿದ್ದೀಯೆ. ಕ್ರೈಸ್ತ ಮಕ್ಕಳಿಗೆ ಧರ್ಮೋಪದೇಶದ ತರಗತಿ ನಡೆಯುವಾಗ ಉಳಿದವರಿಗೆ ನೀತಿಪಾಠವಿರುತ್ತದೆ. ಸರಕಾರದ ಅನುದಾನ ಪಡೆಯುವ ಶಾಲೆಯಲ್ಲಿ ಹೆತ್ತವರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲವೆಂದು ಸಂವಿಧಾನದ 28ನೆಯ ವಿಧಿಯೇ ಹೇಳುತ್ತದೆ. ನಮ್ಮ ಶಾಲೆಯಲ್ಲಿ ಆ ವಿಧಿಯನ್ನು ನೆನಪಿಸುವ ಸಂದರ್ಭವೇ ಬಂದದ್ದನ್ನು ನಾನು ಕಂಡಿಲ್ಲ. ಇದಕ್ಕಿಂತ ಹೆಚ್ಚಾಗಿ ನನಗೆ ನೆನಪಿರುವುದು ಸೆಪ್ಟೆಂಬರ್ 8ರ ಮೊಂತಿ ಹಬ್ಬ, ಮಾತೆ ಮರಿಯಳ ಹುಟ್ಟಿನ ಮತ್ತು ಹೊಸ ತೆನೆಯ ಹಬ್ಬ. ಅದಕ್ಕೆ ಮುಂಚಿನ ದಿನಗಳಲ್ಲಿ ಮಾತೆ ಮರಿಯಳಿಗೆ ಅರ್ಪಿಸಲು ನೀವು ಹೂ ಕೊಯ್ಯುವಾಗ, ನನ್ನ ಅಮ್ಮ ನಮ್ಮ ಹಿತ್ತಿಲಿನ ದಾಸವಾಳ, ಕೇಪಳ, ಗೋರಟೆಗಳನ್ನು ಬಾಳೆ ಎಲೆಯಲ್ಲಿ ಕಟ್ಟಿ ನಿನಗೆಂದು ನನ್ನ ಕೈಯಲ್ಲಿ ಕಳುಹಿಸುತ್ತಿದ್ದರು. ಹೊಸ ತೆನೆ ಮನೆಗೆ ಬರುವ ಹಬ್ಬ ನಮ್ಮಲ್ಲಿಯೂ ಇರುವುದರಿಂದ ಅಮ್ಮನಿಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಹಬ್ಬದ ಮರುದಿನ ನೀನು ತಂದ ಕಬ್ಬನ್ನು ಬ್ಯಾರಿ ಹುಡುಗನೂ ನಾನೂ ಹಂಚಿಕೊಂಡು ತಿನ್ನುತ್ತಿದ್ದೆವು. ಡಿಸೆಂಬರಿನಲ್ಲಿ ಕ್ರಿಸ್ಮಸ್ಸಿನ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟಲು ಗುಡ್ಡೆಯಿಂದ ಪಾಚಿಯನ್ನೂ ಹುಲ್ಲನ್ನೂ ತರುವ ಕೆಲಸ ಎಲ್ಲ ಮಕ್ಕಳದೂ ಆಗಿತ್ತು, ಈಗಲೂ ಆಗಿದೆ. ಬೇರೆಯವರ ಹಬ್ಬವನ್ನು ಗೌರವದಿಂದ ಕಾಣುವುದನ್ನು ನನಗೆ ಯಾವ ಪಾಠವೂ ಇಷ್ಟು ಚೆನ್ನಾಗಿ ಕಲಿಸಿಲ್ಲ.

ಇಂಗ್ಲಿಷಿನ ಚಿಂತೆಯನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುತ್ತಾರೆ, ಓದಲು ಬರೆಯಲು ಮಕ್ಕಳು ಚೆನ್ನಾಗಿಯೇ ಕಲಿಯುತ್ತಾರೆ. ಆದರೆ ಸರಾಗವಾಗಿ ಮಾತನಾಡುವ ಅಭ್ಯಾಸ ನಮ್ಮ ಶಾಲೆಯಲ್ಲಿ ಸಾಲದು. ನಿನ್ನ ಮಗಳಿಗೆ ಆ ಅಭ್ಯಾಸ ಈಗಾಗಲೇ ಇದೆ, ಮನೆಯಲ್ಲಿ ಅದನ್ನು ಉಳಿಸಿಕೊಳ್ಳುವುದು ನಿಮಗೆ ಕಷ್ಟವಾಗದು. ಮಲಯಾಳವನ್ನೂ ಆಕೆ ಕಲಿಯಲೇಬೇಕು. ಶಾಲೆಗಳಲ್ಲಿ ಹತ್ತನೆಯ ತರಗತಿಯವರೆಗೆ ಮಲಯಾಳವನ್ನು ಕಡ್ಡಾಯಗೊಳಿಸುವ ಕಾಯ್ದೆ 2017ರಲ್ಲಿ ಬಂದಾಗ ನಮ್ಮ ಜಿಲ್ಲೆಯ ಕನ್ನಡಿಗರು ವಿರೋಧಿಸಿದ್ದು ನಿನಗೆ ತಿಳಿದಿದೆ. ಮಗುವಿನ ಮೊದಲ ಓದು ಹತ್ತಿರದ ಭಾಷೆಯಲ್ಲಿಯೇ ನೆಲೆಗೊಳ್ಳಬೇಕೆಂಬ ಆ ಬೇಡಿಕೆ ನ್ಯಾಯವಾದುದೆಂದು ನಾನು ನಂಬುತ್ತೇನೆ. ಅದರೊಂದಿಗೆ, ನಾವು ಬದುಕುತ್ತಿರುವ ರಾಜ್ಯದ ಭಾಷೆ ಬಾರದೆ ಗ್ರಾಮ ಕಚೇರಿಯ ಅರ್ಜಿಯಿಂದ ಸರಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಯವರೆಗೆ ನಮ್ಮ ಮಕ್ಕಳು ಪಡುವ ಕಷ್ಟವನ್ನೂ ನೋಡಿದ್ದೇನೆ. ಒಂದು ಭಾಷೆಯಲ್ಲಿ ಗಟ್ಟಿಯಾಗಿ ಓದಲು ಕಲಿತ ಮಗು ಎರಡನೆಯದನ್ನೂ ಮೂರನೆಯದನ್ನೂ ಬೇಗ ಹಿಡಿಯುತ್ತದೆ. ನೀನು ಕೊಂಕಣಿಯಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ, ಮತ್ತೆ ದುಬೈಯಲ್ಲಿ ಹಿಂದಿಗೆ ಹೋದವನು.

ಕೊರತೆಗಳನ್ನೂ ತಿಳಿದುಕೋ. ಕನ್ನಡದ ಪಠ್ಯಪುಸ್ತಕಗಳು ಕೆಲವು ವರ್ಷ ತಡವಾಗಿ ಬಂದಿವೆ. ಗ್ರಂಥಾಲಯಕ್ಕೆ ಮಕ್ಕಳ ಹೊಸ ಕನ್ನಡ ಪುಸ್ತಕಗಳು ಬರುವುದು ಅಪರೂಪ, ನಾವೇ ಮಂಗಳೂರಿಗೆ ಹೋದಾಗ ಕೊಂಡು ತರುತ್ತೇವೆ. ಜಿಲ್ಲೆಯ ಕೆಲವು ಕಡೆಗಳಲ್ಲಿ ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗಳಿಗೆ ನೇಮಿಸಿದ್ದಕ್ಕೆ ಹೆತ್ತವರು ಪ್ರತಿಭಟಿಸಬೇಕಾಗಿ ಬಂದಿತ್ತು. ನಮ್ಮದು ಅನುದಾನಿತ ಶಾಲೆಯಾದ್ದರಿಂದ, ಸಂಬಳ ಸರಕಾರದ್ದಾದರೂ ನೇಮಕ ಆಡಳಿತ ಮಂಡಳಿಯದ್ದಾದ್ದರಿಂದ, ಕನ್ನಡ ಬಲ್ಲ ಸ್ಥಳೀಯ ಅಧ್ಯಾಪಿಕೆಯರೇ ಇದ್ದಾರೆ. ಆದರೆ ಮಕ್ಕಳ ಸಂಖ್ಯೆ ಇಳಿಯುತ್ತಿದೆ. ಶಾಲೆ ತೆರೆದ ಆರನೆಯ ಕೆಲಸದ ದಿನದ ತಲೆಯೆಣಿಕೆಯ ಮೇಲೆ ಅಧ್ಯಾಪಕ ಹುದ್ದೆಗಳು ನಿರ್ಧಾರವಾಗುತ್ತವೆ, ಮಕ್ಕಳು ಕಡಿಮೆಯಾದರೆ ಹುದ್ದೆಯೇ ಹೋಗುತ್ತದೆ. ಪಕ್ಕದ ಊರುಗಳ ಶಾಲೆಗಳು ಈ ಭಯದಿಂದ ಇಂಗ್ಲಿಷ್ ಮಾಧ್ಯಮದ ವಿಭಾಗವನ್ನು ಆರಂಭಿಸಿವೆ, ಆ ವಿಭಾಗ ಬೆಳೆದಂತೆ ಕನ್ನಡದ ವಿಭಾಗ ಸೊರಗುತ್ತಿದೆ. ಇದನ್ನು ನಿನ್ನ ಮೇಲೆ ಭಾರ ಹೊರಿಸಲು ಹೇಳುತ್ತಿಲ್ಲ. ಮಗಳ ಹಿತವೇ ನಿನಗೆ ಮೊದಲಾಗಬೇಕು. ಆಕೆಯ ಹಿತವೂ ಶಾಲೆಯ ಹಿತವೂ ಇಲ್ಲಿ ಒಂದೇ ದಾರಿಯಲ್ಲಿವೆ ಎಂದು ನನಗೆ ಖಚಿತವಾಗಿರುವುದರಿಂದ ಹೇಳುತ್ತಿದ್ದೇನೆ.

ಶುಲ್ಕವಿಲ್ಲ, ಮಧ್ಯಾಹ್ನದ ಊಟ ಶಾಲೆಯಲ್ಲಿಯೇ, ನಿಮ್ಮ ಮನೆಯಿಂದ ತೋಡಿನ ಬದಿಯ ದಾರಿಯಲ್ಲಿ ನಡೆದೇ ಹೋಗಬಹುದು. ಪೇಟೆಯ ಶಾಲೆಗಾದರೆ ಆ ಪುಟ್ಟ ಮಗು ಬೆಳಕು ಹರಿಯುವಾಗಲೇ ಹೊರಟು ಬಸ್ಸಿಗೆ ಕಾಯಬೇಕು.

ಜೂನ್ ಆರಂಭದಲ್ಲಿ ಪ್ರವೇಶೋತ್ಸವ. ಅದಕ್ಕಿಂತ ಒಂದು ವಾರ ಮುಂಚೆ ನಿನ್ನ ಹೆಂಡತಿಯೂ ಮಗಳೂ ಊರಿಗೆ ತಲುಪಿದರೆ, ಜನನ ಪ್ರಮಾಣಪತ್ರ ಮತ್ತು ಆಧಾರ್ ಕಾರ್ಡಿನೊಂದಿಗೆ ನಾನೇ ಅವರನ್ನು ಮುಖ್ಯೋಪಾಧ್ಯಾಯಿನಿಯ ಬಳಿಗೆ ಕರೆದುಕೊಂಡು ಹೋಗುತ್ತೇನೆ. ಮುಖ್ಯೋಪಾಧ್ಯಾಯಿನಿಯೊಂದಿಗೆ ಮಾತನಾಡಿದ್ದೇನೆ, ಕೊಂಕಣಿ ಬಲ್ಲ ಟೀಚರೇ ಈ ವರ್ಷ ಒಂದನೆಯ ತರಗತಿಗೆ ಇರುತ್ತಾರೆಂದು ಹೇಳಿದರು. ಅಲ್ಲಿಯವರೆಗೆ ಮಗಳಿಗೆ ಅಕ್ಷರ ಕಲಿಸುವ ಆತುರ ಬೇಡ. ಸಂಜೆ ಹೊತ್ತು ಅಜ್ಜಿಯೊಂದಿಗೆ ಫೋನಿನಲ್ಲಿ ಕೊಂಕಣಿ ಕತೆ ಕೇಳಿಸು, ಅಷ್ಟು ಸಾಕು. ಟಿಕೆಟಿನ ದಿನ ನಿಶ್ಚಯವಾದ ಕೂಡಲೇ ತಿಳಿಸು, ಮಂಗಳೂರು ವಿಮಾನ ನಿಲ್ದಾಣಕ್ಕೆ ನಾನು ಬರುತ್ತೇನೆ.

ಇಂತಿ,
ನಿನ್ನ ಗೆಳೆಯ